ಚಮಚ ಓರೆ ಮಾಡಿ ನೋಡಿ: ಆರು ತಿಂಗಳ ನಂತರದ ಊಟ, ತೂಕ ಮತ್ತು ತಾಯಂದಿರ ತಿಳಿವಳಿಕೆ

ಈ ಮೇಜಿನ ಮೇಲೆ ಮೂರು ಬಟ್ಟಲುಗಳಿವೆ. ಮೂರರಲ್ಲೂ ಇರುವುದು ರಾಗಿ ಸರಿ. ಮೊದಲನೆಯದರಲ್ಲಿ 200 ಮಿಲಿ ನೀರಿಗೆ 15 ಗ್ರಾಂ ಹಿಟ್ಟು ಹಾಕಿ ಕಾಯಿಸಿದೆ. ಆರು ತಿಂಗಳ ಕೂಸಿಗೆಂದು ಎಷ್ಟೋ ಮನೆಗಳಲ್ಲಿ ಮಾಡುವ ಹದ ಇದೇ. ಕೂಸಿಗೆ ಕುಡಿಸುವ ಮೂತಿಯ ಪಾತ್ರೆ ಒಳಲೆಗೆ ಹಾಕಿದರೆ ಸಲೀಸಾಗಿ ಇಳಿಯುತ್ತದೆ. ಎರಡನೆಯದರಲ್ಲೂ ಅದೇ 15 ಗ್ರಾಂ ಹಿಟ್ಟು, ನೀರು ಮಾತ್ರ 75 ಮಿಲಿ. ಮೂರನೆಯದರಲ್ಲೂ 15 ಗ್ರಾಂ, 75 ಮಿಲಿ, ಆದರೆ ಹಿಟ್ಟು ಮೊಳಕೆ ಕಟ್ಟಿದ ರಾಗಿಯದು. ಮಾತು ಮುಗಿಯುವವರೆಗೆ ಇವು ಇಲ್ಲೇ ಇರಲಿ. ಆರಿದ ಮೇಲೆ ಒಂದೊಂದೂ ಏನಾಗುತ್ತದೆ ಅನ್ನುವುದು ಇವತ್ತಿನ ವಿಷಯದ ಅರ್ಧ ಭಾಗ.

ಪೂರಕ ಆಹಾರದ, ಅಂದರೆ ಎದೆಹಾಲಿನ ಜೊತೆಗೆ ಕೊಡುವ ಊಟದ ಬಗ್ಗೆ ತಾಯಂದಿರಿಗೆ ಎಷ್ಟು ಗೊತ್ತು ಎಂದು ಅಳೆಯುವಾಗ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ‘ಯಾವ ತಿಂಗಳಲ್ಲಿ ಶುರು ಮಾಡಬೇಕು?’ ‘ಆರು ತಿಂಗಳಿಗೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ತಾಯಿ ಕಾರ್ಡಿನಲ್ಲಿದೆ, ಅಂಗನವಾಡಿಯ ಗೋಡೆಯ ಮೇಲಿದೆ, ಆಶಾ ಕಾರ್ಯಕರ್ತೆಯ ಬಾಯಲ್ಲಿದೆ. ಉತ್ತರ ಸರಿ ಎಂದು ಒಂದು ಅಂಕ ಕೊಟ್ಟು ಮುಂದೆ ಹೋಗುತ್ತೇವೆ. ಎಷ್ಟು ಗಟ್ಟಿ ಇರಬೇಕು, ಒಂದು ಹೊತ್ತಿಗೆ ಎಷ್ಟು ಚಮಚ, ದಿನಕ್ಕೆ ಎಷ್ಟು ಸಲ, ಎಂಟನೆಯ ತಿಂಗಳಲ್ಲಿ ಏನು ಬದಲಾಗಬೇಕು ಎಂದು ಕೇಳಿದರೆ ಆ ಥಟ್ಟನೆ ಬರುವ ಉತ್ತರ ಬರುವುದಿಲ್ಲ. ತಾಯಂದಿರಿಗೆ ಮಾತ್ರವಲ್ಲ, ಸಲಹೆ ಕೊಡುವ ನಮಗೂ ಬರುವುದಿಲ್ಲ. ಮಗು ಬೆಳೆಯುವುದೋ ಸೊರಗುವುದೋ ನಿರ್ಧಾರವಾಗುವುದು ಈ ಎರಡನೆಯ ಬಗೆಯ ಪ್ರಶ್ನೆಗಳಲ್ಲಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಿ. ದೇಶದಲ್ಲಿ 6ರಿಂದ 8 ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಸಿಗುತ್ತಿದ್ದದ್ದು ಶೇ 45.9ರಷ್ಟು ಮಕ್ಕಳಿಗೆ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಗೆಯ ಊಟ, ಸಾಕಷ್ಟು ಸಲ ಸಿಗುತ್ತಿದ್ದದ್ದು ಶೇ 11.3ರಷ್ಟು ಮಕ್ಕಳಿಗೆ. ಊಟ ಶುರುವಾದ ಎಷ್ಟೋ ಮನೆಗಳಲ್ಲೂ ಅದು ಬೆಳವಣಿಗೆಗೆ ಸಾಲುವ ಊಟವಾಗಿರಲಿಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಶೇ 35.4.

ನೀರಿನ ಲೆಕ್ಕ

ಈಗ ಮೊದಲ ಬಟ್ಟಲಿಗೆ ಬರೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ ಇದೆ. 15 ಗ್ರಾಂ ಅಂದರೆ 48. ಆ 48 ಕ್ಯಾಲರಿ 200 ಮಿಲಿ ನೀರಿನಲ್ಲಿ ಹರಡಿಕೊಂಡಿದೆ. 100 ಮಿಲಿಗೆ 24 ಬಂತು. ಎದೆಹಾಲಿನಲ್ಲಿ 100 ಮಿಲಿಗೆ 65ರಿಂದ 70 ಕ್ಯಾಲರಿ ಇರುತ್ತದೆ. ‘ಹಾಲು ಸಾಲುತ್ತಿಲ್ಲ, ಊಟ ಬೇಕು’ ಎಂದು ಶುರು ಮಾಡಿದ್ದು ಹಾಲಿಗಿಂತ ಮೂರು ಪಟ್ಟು ತೆಳು.

ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿ. ಏಳು ಕಿಲೋ ಕೂಸಿಗೆ 210 ಮಿಲಿ. ಈ ಬಟ್ಟಲು ಕುಡಿಸಿದರೆ ಹೊಟ್ಟೆ ಬಿಗಿಯಾಯಿತು, ಕೂಸು ಮಲಗಿತು, ಮನೆಯವರಿಗೆ ಸಮಾಧಾನವೂ ಆಯಿತು. ಒಳಗೆ ಹೋದದ್ದು 48 ಕ್ಯಾಲರಿ. ಎದೆಹಾಲು ಚೆನ್ನಾಗಿ ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. 9ರಿಂದ 11 ತಿಂಗಳಲ್ಲಿ 300. ಒಂದು ವರ್ಷ ತುಂಬಿದ ಮೇಲೆ 550. ಇವು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ತೆಳು ಸರಿಯಲ್ಲಿ 200 ಮುಟ್ಟಬೇಕಾದರೆ ಇಂಥ ನಾಲ್ಕು ಬಟ್ಟಲು ಬೇಕು. ಅಷ್ಟು ನೀರು ಕುಡಿದ ಮಗು ಎದೆಗೆ ಬಾಯಿ ಹಾಕುವುದಿಲ್ಲ. ಕುಡಿಯದಿದ್ದರೆ ಹಾಲು ಇಳಿಯುವುದೂ ಕಡಿಮೆಯಾಗುತ್ತದೆ. ಆಗ ‘ಹಾಲು ಬತ್ತಿತು’ ಎನ್ನುತ್ತೇವೆ.

ಎರಡನೆಯ, ಮೂರನೆಯ ಬಟ್ಟಲಿನಲ್ಲಿ ಇರುವುದೂ ಅದೇ 15 ಗ್ರಾಂ. ಅದಕ್ಕೆ ಅರ್ಧ ಚಹಾ ಚಮಚ ತುಪ್ಪ, ಒಂದು ಚಹಾ ಚಮಚ ಹುರಿದು ನುಣ್ಣಗೆ ಪುಡಿ ಮಾಡಿದ ಕಡಲೆಕಾಯಿ ಬೀಜ ಸೇರಿಸಿದರೆ 90 ಕ್ಯಾಲರಿ ದಾಟುತ್ತದೆ, ಅದೂ ಅರ್ಧ ಬಟ್ಟಲಿಗಿಂತ ಕಡಿಮೆ ಜಾಗದಲ್ಲಿ. ಪೂರಕ ಆಹಾರದಲ್ಲಿ ಗ್ರಾಂಗೆ ಕನಿಷ್ಠ 0.8 ಕ್ಯಾಲರಿ ಇರಬೇಕು ಎನ್ನುವುದು ಅಳತೆ. ಇದು ಒಂದರ ಹತ್ತಿರ ಇದೆ. ಹಿಟ್ಟಿನ ಖರ್ಚು ತೆಳು ಸರಿಗೂ ಗಟ್ಟಿ ಸರಿಗೂ ಒಂದೇ ಎಂಬುದನ್ನು ಗಮನಿಸಿ. ಬಡತನದಿಂದ ಆಗುವ ಕೊರತೆ ಬೇರೆ ಇದೆ, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ಈ ಕೊರತೆಯನ್ನು ನಾವೇ ನೀರು ಹೊಯ್ದು ತಂದುಕೊಂಡಿದ್ದೇವೆ.

ಹದ ನೋಡಲು ತಕ್ಕಡಿ ಬೇಡ. ಚಮಚದಲ್ಲಿ ತೆಗೆದುಕೊಂಡು ಓರೆ ಮಾಡಿ. ನೀರಿನಂತೆ ಸುರಿದರೆ ತೆಳುವಾಯಿತು. ಚಮಚಕ್ಕೆ ಅಂಟಿಕೊಂಡು ನಿಧಾನಕ್ಕೆ ಜಾರಿದರೆ ಸರಿಯಾಯಿತು. ಹಾಲೂಡಿಸುವ ಬಾಟಲಿಯಲ್ಲೋ ಒಳಲೆಯಲ್ಲೋ ಹಾಕಿ ಕುಡಿಸಬಹುದಾದ ಯಾವುದೂ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಬೆಳ್ಳಿಯ ಒಳಲೆ ಅಜ್ಜಿಯ ಕಾಲದ ನೆನಪಿಗೆ ಚೆಂದ, ಊಟಕ್ಕಲ್ಲ. ಮಗುವನ್ನು ಕಾಲ ಮೇಲೆ ಮಲಗಿಸಿ ಗಂಟಲಿಗೆ ಹೊಯ್ಯುವಾಗ ಅಳುವ ಮಗು ಉಸಿರೆಳೆದರೆ ಸರಿ ಶ್ವಾಸನಾಳಕ್ಕೆ ಹೋಗಬಹುದು. ಸಾಕೋ ಬೇಕೋ ಎಂದು ಹೇಳಲು ಅದಕ್ಕೆ ಅವಕಾಶವೇ ಇರುವುದಿಲ್ಲ. ಕೂರಿಸಿ, ಎದುರು ಕುಳಿತು, ಚಮಚ ತುಟಿಗೆ ತಂದು, ಬಾಯಿ ತೆರೆಯುವವರೆಗೆ ಕಾಯಬೇಕು.

ಹಾಗಾದರೆ ತಾಯಂದಿರು ಏಕೆ ತೆಳು ಮಾಡುತ್ತಾರೆ? ದಡ್ಡತನದಿಂದಲ್ಲ. ರಾಗಿ ಹಿಟ್ಟು ಒಲೆಯ ಮೇಲೆ ಸರಿಯಾದ ಹದದಲ್ಲಿ ಕಂಡರೂ ಆರುತ್ತಾ ಗಟ್ಟಿಯಾಗುತ್ತದೆ, ಏಕೆಂದರೆ ಬೆಂದ ಪಿಷ್ಟ ನೀರು ಹೀರಿ ಊದಿಕೊಂಡಿರುತ್ತದೆ. ಉಗುರು ಬೆಚ್ಚಗಾಗುವ ಹೊತ್ತಿಗೆ ಮುದ್ದೆಯಾಗಲು ಹೊರಟ ಸರಿಯನ್ನು ಹಲ್ಲಿಲ್ಲದ ಬಾಯಿಗೆ ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ. ‘ಗಂಟಲಿಗೆ ಸಿಕ್ಕೀತು’ ಅನ್ನುವ ಭಯಕ್ಕೆ ನೀರು ಸೇರಿಸುತ್ತಾರೆ. ಆ ಭಯ ನ್ಯಾಯವಾದದ್ದೇ. ಪರಿಹಾರ ಮಾತ್ರ ತಪ್ಪು. ಸರಿಯಾದ ಪರಿಹಾರ ಮೊಳಕೆಯಲ್ಲಿದೆ.

ಮೊಳಕೆ ರಾಗಿ

ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಎಳೆ ಸಸಿಗೆ ಊಟವಾಗಲೆಂದು ಅದು ಪಿಷ್ಟದ ಉದ್ದ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ತುಂಡಾದ ಪಿಷ್ಟ ನೀರನ್ನು ಅಷ್ಟಾಗಿ ಹಿಡಿದುಕೊಳ್ಳುವುದಿಲ್ಲ. ಹಿಟ್ಟು ಹೆಚ್ಚು ಹಾಕಿದರೂ ಸರಿ ನುಣ್ಣಗೆ, ಜಾರುವಂತೆ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳನ್ನು 70:30ರ ಪ್ರಮಾಣದಲ್ಲಿ ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದು ಇದೇ ತತ್ವದ ಮೇಲೆ. ಬರೋಡಾದಲ್ಲಿ ತಾರಾ ಗೋಪಾಲದಾಸ್ ಮತ್ತು ಅವರ ತಂಡ ಅದೇ ಕಾಲದಲ್ಲಿ, ಗಟ್ಟಿ ಗಂಜಿಗೆ ಒಂದು ಚಿಟಿಕೆ ಮೊಳಕೆ ಹಿಟ್ಟು ಸೇರಿಸಿ ಅದನ್ನು ತೆಳುವಾಗಿಸುವ ದಾರಿಯನ್ನು ಜನರ ಅಡುಗೆಮನೆಗೆ ತಂದರು.

ಮಾಡುವ ಬಗೆ ಹೀಗೆ. ಒಂದು ಕಿಲೋ ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ಮೂರು ನಾಲ್ಕು ನೀರಿನಲ್ಲಿ ತೊಳೆದು 12ರಿಂದ 16 ಗಂಟೆ ನೆನೆಹಾಕಿ; ನಡುವೆ ಒಂದು ಸಲ ನೀರು ಬದಲಾಯಿಸಿ. ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚು ನೆನೆದರೆ ಹುಳಿ ವಾಸನೆ ಬರುತ್ತದೆ. ನೀರು ಪೂರ್ತಿ ಬಸಿದು, ಒದ್ದೆಯಾದ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೆರಳಲ್ಲಿಡಿ. ಬಿಗಿಯಾಗಿ ಕಟ್ಟಿದರೆ ಗಂಟಿನ ನಡುವೆ ಕಾವು ಏರಿ ಕಾಳು ಕೊಳೆಯುತ್ತದೆ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಒಂದೂವರೆಯಿಂದ ಎರಡು ದಿನಕ್ಕೆ ಬಿಳಿ ಮೊಳಕೆ ಚೆನ್ನಾಗಿ ಕಾಣುತ್ತದೆ. ಎಲ್ಲಾದರೂ ಬೂಸ್ಟು ಹಿಡಿದಿದ್ದರೆ, ಅಂಟಂಟಾಗಿದ್ದರೆ, ಆ ಭಾಗ ತೆಗೆದು ಉಳಿದದ್ದು ಬಳಸುವ ಉಳಿತಾಯ ಬೇಡ, ಪೂರ್ತಿ ಬಿಸಾಡಿ. ಚೆನ್ನಾಗಿದ್ದರೆ ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯ ಎಳೆಗಳನ್ನು ಕೇರಿ ತೆಗೆಯಿರಿ. ಅವು ಉಳಿದರೆ ಹಿಟ್ಟು ಕಹಿ.

ಕೆಲಸ ಕೆಡುವುದು ಮುಂದಿನ ಎರಡು ಹಂತಗಳಲ್ಲಿ. ಮೊದಲನೆಯದು ಹುರಿಯುವುದು. ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಸಾಕು, ಬಣ್ಣ ತಿರುಗಬಾರದು. ಹೊಗೆಯಾಡುವಂತೆ ಹುರಿದರೆ ಎರಡು ದಿನ ಕಾದು ಹುಟ್ಟಿಸಿದ ಕಿಣ್ವ ಬಾಣಲೆಯಲ್ಲೇ ಸತ್ತಿತು. ಎರಡನೆಯದು ಬೇಯಿಸುವುದು. ಕುದಿಯುವ ನೀರಿಗೆ ಹಿಟ್ಟು ಸುರಿದರೂ ಕಿಣ್ವ ಆ ಕ್ಷಣದಲ್ಲೇ ಸಾಯುತ್ತದೆ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ನಿಧಾನಕ್ಕೆ ಕಾಯಿಸಿದರೆ, 60–70 ಡಿಗ್ರಿ ದಾಟುವ ಹೊತ್ತಿನಲ್ಲಿ ಕಿಣ್ವ ತನ್ನ ಕೆಲಸ ಮುಗಿಸುತ್ತದೆ. ಗಟ್ಟಿಯಾಗುತ್ತಿದ್ದ ಸರಿ ಕಣ್ಣೆದುರೇ ಸಡಿಲಾಗುವುದು ಕಾಣುತ್ತದೆ. ಆಮೇಲೆ ಮೂರರಿಂದ ಐದು ನಿಮಿಷ ಕುದಿಸಲೇಬೇಕು. ಒದ್ದೆ ಬಟ್ಟೆಯಲ್ಲಿ ಕಾಳಿನ ಜೊತೆ ರೋಗಾಣುಗಳೂ ಬೆಳೆದಿರುತ್ತವೆ. ಮನೆಯವರಿಗಾಗಿ ಮಾಡಿದ ಗಟ್ಟಿ ಗಂಜಿಯನ್ನೋ ಮಿದಿದ ಅನ್ನವನ್ನೋ ಕೊಡುವುದಾದರೆ, ಒಂದು ಚಹಾ ಚಮಚ ಮೊಳಕೆ ಹಿಟ್ಟನ್ನು ಬಿಸಿ ಇರುವಾಗಲೇ ಕಲಸಿ ಐದು ನಿಮಿಷ ಬಿಟ್ಟು, ಮತ್ತೆ ಕುದಿಸಿ.

ವಸ್ತ್ರಗಾಳಿತ ಮಾಡುವ ಪದ್ಧತಿಯ ಬಗ್ಗೆ ಒಂದು ಮಾತು. ಆರೇಳು ತಿಂಗಳ ಮಗುವಿಗೆ ಸಣ್ಣ ಕಣ್ಣಿನ ಜರಡಿ ಸಾಕು. ತೆಳು ಬಟ್ಟೆಯಲ್ಲಿ ಸೋಸಿ ಬೆಳ್ಳಗಿನ ಹುಡಿ ಮಾತ್ರ ತೆಗೆದರೆ, ರಾಗಿ ಹೆಸರುವಾಸಿಯಾದದ್ದು ಯಾವುದಕ್ಕೋ ಆ ಸುಣ್ಣಾಂಶದ ಬಹುಪಾಲು ಬಟ್ಟೆಯ ಮೇಲೆ ಉಳಿಯುತ್ತದೆ. ರಾಗಿ ನೆನೆಸಿ ರುಬ್ಬಿ ಹಾಲು ಹಿಂಡಿ ಮಾಡುವ ಮಣ್ಣಿಯ ಕತೆಯೂ ಇದೇ: ಗಂಟಲಿಗೆ ನಯ, ಪಿಷ್ಟವೇ ಹೆಚ್ಚು.

ಈಗಿನ ಇನ್ನೊಂದು ಹುಚ್ಚು, ಹದಿನೈದು ಇಪ್ಪತ್ತು ಧಾನ್ಯ, ಬಾದಾಮಿ, ಪಿಸ್ತಾ, ಏಲಕ್ಕಿ ಎಲ್ಲ ಸೇರಿಸಿದ ಹುಡಿ. ಹೆಸರು ಉದ್ದ, ಬೆಲೆ ದೊಡ್ಡದು. ಮಗುವಿಗೆ ಮೈಮೇಲೆ ಗಂಧೆ ಎದ್ದರೆ ಯಾವುದರಿಂದ ಎಂದು ಹೇಳಲಾಗದು. ಹೊಸ ಪದಾರ್ಥವನ್ನು ಒಂದೊಂದಾಗಿ, ಎರಡು ಮೂರು ದಿನ ಬಿಟ್ಟು ಸೇರಿಸುವುದರ ಉದ್ದೇಶವೇ ಅದು. ಎಣ್ಣೆಕಾಳು ಬೆರೆಸಿದ ಹುಡಿ ಬೇಗ ಕಮಟು ಹಿಡಿಯುತ್ತದೆ ಕೂಡ. ಕಡಲೆಕಾಯಿ ಪುಡಿಯನ್ನು ಬೇರೆ ಡಬ್ಬಿಯಲ್ಲಿಟ್ಟು ಆಯಾ ಹೊತ್ತಿಗೆ ಸೇರಿಸುವುದು ಲೇಸು.

ಬೇಳೆ ಕಟ್ಟು, ಮೊಟ್ಟೆ, ಸೊಪ್ಪು

ತೆಳು ಸರಿಯ ತಂಗಿ ಬೇಳೆ ಕಟ್ಟು. ಬೇಯಿಸಿದ ತೊಗರಿಬೇಳೆಯ ಮೇಲಿನ ತಿಳಿಯನ್ನು ಬಗ್ಗಿಸಿ, ಚಿಟಿಕೆ ಉಪ್ಪು ಹಾಕಿ, ‘ಬೇಳೆಯ ಸತ್ವವೆಲ್ಲ ಇದರಲ್ಲಿದೆ’ ಎಂದು ಕೊಡುತ್ತಾರೆ. ಸತ್ವ ತಳದಲ್ಲಿದೆ, ಅದು ಮನೆಯವರ ಸಾರಿಗೆ ಹೋಗುತ್ತದೆ. ತಿರುವು ಮುರುವು ಮಾಡಬೇಕು: ತಿಳಿ ದೊಡ್ಡವರ ಸಾರಿಗೆ, ತಳದ ಬೇಳೆ ಕೂಸಿನ ಬಟ್ಟಲಿಗೆ. ಅನ್ನದ ತಿಳಿಗೂ, ಸೋಸಿದ ತರಕಾರಿ ಸೂಪಿಗೂ ಇದೇ ಮಾತು.

ಒಂದು ದಿನದ ಅಳತೆ ಬೇಕೆಂದರೆ ಇದನ್ನು ನೆನಪಿಡಿ. ಅಕ್ಕಿ 30 ಗ್ರಾಂ, ಹೆಸರುಬೇಳೆ 15 ಗ್ರಾಂ, ಒಂದು ಹಿಡಿ ಹೆಚ್ಚಿದ ಸೊಪ್ಪೋ ಸಿಹಿಗುಂಬಳವೋ ಕ್ಯಾರೆಟ್ಟೋ, ಒಂದು ಚಹಾ ಚಮಚ ತುಪ್ಪ ಅಥವಾ ಎಣ್ಣೆ. ಮೆತ್ತಗೆ ಬೇಯಿಸಿ ಮಿದಿದರೆ ಸುಮಾರು 200 ಕ್ಯಾಲರಿ. 6ರಿಂದ 8 ತಿಂಗಳ ಮಗುವಿನ ಇಡೀ ದಿನದ ಊಟದ ಭಾಗ ಇಷ್ಟೇ, ಎರಡು ಮೂರು ಹೊತ್ತಿಗೆ ಹಂಚಿ ಕೊಡುವಂಥದ್ದು. ಅಕ್ಕಿ ಎರಡು ಪಾಲು, ಬೇಳೆ ಒಂದು ಪಾಲು ಎನ್ನುವ ಲೆಕ್ಕವನ್ನು ಯಾವ ಕಾಳಿಗೂ ಹಚ್ಚಬಹುದು. ಆದರೆ ಮಾಡಿಟ್ಟದ್ದನ್ನು ಸಂಜೆಯವರೆಗೆ ಇಡಬೇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಎರಡು ಗಂಟೆ ದಾಟಿದ ಮೆತ್ತನೆಯ ಅನ್ನ ಭೇದಿಗೆ ದಾರಿ. ಒಣ ಪದಾರ್ಥ ಅಳೆದಿಟ್ಟುಕೊಂಡು ಹೊತ್ತುಹೊತ್ತಿಗೆ ಬೇಯಿಸುವುದು, ಇಲ್ಲವೇ ಮನೆಯವರಿಗೆ ಅಡುಗೆ ಆಗುವಾಗ ಒಗ್ಗರಣೆ, ಖಾರ, ಉಪ್ಪು ಬೀಳುವ ಮೊದಲು ಕೂಸಿನ ಪಾಲು ತೆಗೆದಿಡುವುದು.

ಶುರುವಿನಲ್ಲಿ ಒಂದು ಹೊತ್ತಿಗೆ ಎರಡು ಮೂರು ಊಟದ ಚಮಚ ಸಾಕು. ಎಂಟು ತಿಂಗಳು ಮುಗಿಯುವ ಹೊತ್ತಿಗೆ 250 ಮಿಲಿ ಬಟ್ಟಲಿನಲ್ಲಿ ಅರ್ಧ. 9ರಿಂದ 11 ತಿಂಗಳಲ್ಲಿ ಅದೇ ಅರ್ಧ ಬಟ್ಟಲು, ಆದರೆ ಮೂರು ನಾಲ್ಕು ಸಲ, ನಡುವೆ ಒಂದೆರಡು ತಿಂಡಿ. ವರ್ಷ ತುಂಬಿದ ಮೇಲೆ ಮುಕ್ಕಾಲಿನಿಂದ ಪೂರ್ತಿ ಬಟ್ಟಲು. ಮಗುವಿಗೆ ಬೇರೆಯದೇ ಬಟ್ಟಲು ಇರಲಿ; ದೊಡ್ಡವರ ತಟ್ಟೆಯಿಂದ ತುತ್ತು ಕೊಟ್ಟರೆ ಎಷ್ಟು ತಿಂದಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ, ಎಲ್ಲರೂ ‘ತಿಂದಿದೆ’ ಎನ್ನುತ್ತಾರೆ.

ಕ್ಯಾಲರಿ ಸರಿಹೋದರೂ ಕಬ್ಬಿಣಾಂಶ ತಾನಾಗಿ ಸರಿಹೋಗುವುದಿಲ್ಲ. ತುಂಬು ತಿಂಗಳಿಗೆ ಹುಟ್ಟಿದ ಮಗು ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ದಾಸ್ತಾನು ಸುಮಾರು ಆರು ತಿಂಗಳಿಗೆ ಕರಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ. ಊಟದ ವಯಸ್ಸು ಆರು ತಿಂಗಳಿಗೆ ಬಂದು ನಿಂತಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ರಾಗಿಯಲ್ಲಿ ಕಬ್ಬಿಣ ಇದೆ, ಜೊತೆಗೆ ಅದನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್, ಟ್ಯಾನಿನ್ ಕೂಡ ಇವೆ. ಮೊಳಕೆ ಕಟ್ಟುವುದರಿಂದ ಫೈಟೇಟ್ ತಕ್ಕಮಟ್ಟಿಗೆ ಇಳಿಯುತ್ತದೆ. ನಿಂಬೆರಸದ ನಾಲ್ಕು ಹನಿ, ಮಿದಿದ ಸೀಬೆ, ನೆಲ್ಲಿಕಾಯಿ, ಟೊಮ್ಯಾಟೊ ಜೊತೆಗಿದ್ದರೆ ಸೊಪ್ಪು, ಬೇಳೆಯ ಕಬ್ಬಿಣ ಮೈಗೆ ಹತ್ತುವುದು ಹೆಚ್ಚುತ್ತದೆ. ಟೀ ಕೊಟ್ಟರೆ ಇಳಿಯುತ್ತದೆ. ಬಿಸ್ಕತ್ತು ಟೀಯಲ್ಲಿ ಅದ್ದಿ ಕೊಡುವ ಬೆಳಗಿನ ಪದ್ಧತಿಯಲ್ಲಿ ಹೊಟ್ಟೆ ತುಂಬುವ ತಪ್ಪು, ಕಬ್ಬಿಣ ತಡೆಯುವ ತಪ್ಪು ಎರಡೂ ಒಟ್ಟಿಗೆ ನಡೆಯುತ್ತವೆ.

ಮಾಂಸಾಹಾರ ತಿನ್ನುವ ಮನೆಗಳಲ್ಲೂ ಕೂಸಿಗೆ ಒಂದು ವರ್ಷದವರೆಗೆ ಮೊಟ್ಟೆ, ಮೀನು ಕೊಡದಿರುವ ರೂಢಿ ಇದೆ. ಕಾರಣ ಕೇಳಿದರೆ ‘ಉಷ್ಣ’, ‘ಮಾತು ತಡವಾಗುತ್ತೆ’ ಎಂದೆಲ್ಲ ಬರುತ್ತದೆ. ಪೂರ್ತಿ ಬೆಂದ ಮೊಟ್ಟೆಯನ್ನು ಆರು ತಿಂಗಳಿಂದಲೇ ಕೊಡಬಹುದು. ಹಳದಿಯನ್ನೂ ಬಿಳಿಯನ್ನೂ ಮಿದಿದು, ಕಾಲು ಭಾಗದಿಂದ ಶುರು ಮಾಡಿ. ಬೇಯಿಸಿ ಹಿಸುಕಿದ ಕೋಳಿ ಲಿವರ್ ಒಂದೆರಡು ಚಮಚ, ವಾರಕ್ಕೊಮ್ಮೆ ಆದರೂ, ಕಬ್ಬಿಣಕ್ಕೆ ಅದಕ್ಕಿಂತ ಅಗ್ಗದ ದಾರಿ ಸಿಗುವುದು ಕಷ್ಟ. ಮೀನಿನಲ್ಲಿ ಮುಳ್ಳು ಬೆರಳಿಂದ ಹುಡುಕಿ ತೆಗೆಯಬೇಕು, ಕಣ್ಣಿಂದಲ್ಲ. ತಿನ್ನದ ಮನೆಗಳಲ್ಲಿ ಕಾಳು, ಮೊಸರು, ಎಳೆ ನುಗ್ಗೆಸೊಪ್ಪು, ಹರಿವೆ, ಹುಳಿ ಹಣ್ಣು ಇವನ್ನು ಒಟ್ಟಿಗೆ ಬರುವಂತೆ ಜೋಡಿಸಬೇಕಾಗುತ್ತದೆ. ಯಾವ ಮನೆಯಾದರೂ ಕಬ್ಬಿಣದ ಸಿರಪ್ ಬಿಡುವಂತಿಲ್ಲ: 6ರಿಂದ 59 ತಿಂಗಳವರೆಗೆ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ. ಮಲ ಕಪ್ಪಾಗುತ್ತದೆ, ಹೆದರಿ ನಿಲ್ಲಿಸುವವರು ಬಹಳ. ಕರ್ನಾಟಕದಲ್ಲಿ ಆ ವಯಸ್ಸಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇತ್ತೆಂಬುದು ಅದೇ ಸಮೀಕ್ಷೆಯ ಅಂಕಿ.

ಬೇಡದ್ದನ್ನು ಬೇಗ ಹೇಳಿ ಮುಗಿಸೋಣ. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಾಣು ಎಳೆಗರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ. ಉಪ್ಪು, ಸಕ್ಕರೆ, ಬೆಲ್ಲ, ಕಲ್ಲುಸಕ್ಕರೆ ಒಂದೂ ಬೇಡ. ಸಿಹಿ ಬೇಕಿದ್ದರೆ ಬಾಳೆಹಣ್ಣು. ಇಡೀ ಕಡಲೆಕಾಯಿ, ದ್ರಾಕ್ಷಿ, ಹುರಿಗಡಲೆ ಉಸಿರು ಕಟ್ಟಿಸುತ್ತವೆ. ವರ್ಷದ ನಂತರ ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರು ದಾಟಬಾರದು. ‘ಊಟವೇ ಮಾಡಲ್ಲ’ ಎನ್ನುವ ಒಂದೂವರೆ ವರ್ಷದ ಮಗುವಿನ ಹಾಲಿನ ಲೆಕ್ಕ ಕೇಳಿ ನೋಡಿ, ಕಾರಣ ಎಷ್ಟೋ ಸಲ ಅಲ್ಲೇ ಸಿಗುತ್ತದೆ.

ಮಿಕ್ಸಿಯ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಮೊದಲ ವಾರಗಳಲ್ಲಿ ನುಣ್ಣಗಿರಲಿ. ಎಂಟನೆಯ ತಿಂಗಳಿಗೆ ಕೈಯಲ್ಲಿ ಕಿವುಚಿದ, ತರಿತರಿಯಾದ ಅನ್ನ. ಒಂಬತ್ತು ಹತ್ತಕ್ಕೆ ಸಣ್ಣ ತುಂಡು, ಕೈಯಲ್ಲಿ ಹಿಡಿದು ಕಚ್ಚುವ ಮೆತ್ತನೆಯ ಇಡ್ಲಿ. ವರ್ಷಕ್ಕೆ ಮನೆಯವರ ಊಟವೇ, ಖಾರ ಕಡಿಮೆ. ಅಗಿಯುವುದನ್ನು ಕಲಿಸುವುದು ಹಲ್ಲಲ್ಲ, ನಾಲಗೆ ಮತ್ತು ಒಸಡು. ಹತ್ತು ತಿಂಗಳ ನಂತರವೂ ಮಿಕ್ಸಿಯಲ್ಲಿ ಅರೆದೇ ಕೊಟ್ಟ ಮಕ್ಕಳಿಗೆ ಮುಂದೆ ತುಂಡು ಕಂಡರೆ ವಾಕರಿಕೆ. ಆ ವಾಕರಿಕೆಯನ್ನು ಉಸಿರು ಕಟ್ಟುವುದು ಎಂದು ತಪ್ಪು ತಿಳಿದು ಮತ್ತೆ ಮಿಕ್ಸಿಗೆ ಹೋಗುತ್ತಾರೆ. ವಾಕರಿಸುವ ಮಗು ಸದ್ದು ಮಾಡುತ್ತದೆ, ಮುಖ ಕೆಂಪಾಗುತ್ತದೆ, ತುತ್ತನ್ನು ಮುಂದಕ್ಕೆ ತಳ್ಳುತ್ತದೆ, ಅದು ರಕ್ಷಣೆ. ಉಸಿರು ಕಟ್ಟಿದ ಮಗುವಿಗೆ ಸದ್ದೇ ಇರುವುದಿಲ್ಲ.

ಭೇದಿಯಾದಾಗ ಊಟ ನಿಲ್ಲಿಸುವುದು ಬೆಳವಣಿಗೆ ಕಳೆಯುವ ಕೆಲಸ. ಎದೆಹಾಲು, ಓಆರ್‌ಎಸ್, ಸಣ್ಣ ಸಣ್ಣ ತುತ್ತು ನಡೆಯುತ್ತಿರಲಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, 14 ದಿನ. ಭೇದಿ ಮೂರನೆಯ ದಿನವೇ ನಿಂತರೂ ಹದಿನಾಲ್ಕೂ ದಿನ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ.

ಗೆರೆ ಏನು ಹೇಳುತ್ತದೆ

ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳಿವೆ. ಅದರ ಹಿಂದಿರುವುದು 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಮಾನದಂಡ. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ದೆಹಲಿಯ ಮಕ್ಕಳನ್ನು ಅಳೆದು ಮಾಡಿದ್ದು. ಹೀಗಾಗಿ ‘ಅದು ಬಿಳಿಯರ ಮಕ್ಕಳ ಲೆಕ್ಕ’ ಎನ್ನುವ ಮಾತು ನಿಲ್ಲುವುದಿಲ್ಲ.

ಹಸಿರಿನಲ್ಲಿದೆ, ಸರಿ ಇದೆ ಎಂದು ಕಾರ್ಡು ಮಡಚುವುದು ಸಾಮಾನ್ಯ ತಪ್ಪು. ಇಬ್ಬರು ಹೆಣ್ಣು ಮಕ್ಕಳನ್ನು ಊಹಿಸಿಕೊಳ್ಳಿ. ಒಬ್ಬಳ ತೂಕ ಆರನೆಯ ತಿಂಗಳಿಂದ ಒಂಬತ್ತರವರೆಗೆ 6.8, 7.0, 7.0, 7.1 ಕಿಲೋ. ಇನ್ನೊಬ್ಬಳದು 5.9, 6.2, 6.5, 6.7. ಒಂಬತ್ತನೆಯ ತಿಂಗಳಲ್ಲಿ ಹೆಣ್ಣು ಮಗುವಿಗೆ ಹಸಿರಿನ ಕೆಳಗೆರೆ 6.5, ಇಬ್ಬರೂ ಹಸಿರಿನಲ್ಲೇ ಇದ್ದಾರೆ. ಎರಡನೆಯವಳು ಚಿಕ್ಕವಳು, ಆದರೆ ಗೆರೆಯ ಜೊತೆಜೊತೆಗೆ ಏರುತ್ತಿದ್ದಾಳೆ. ಚಿಂತೆ ಮಾಡಬೇಕಾದದ್ದು ಮೊದಲನೆಯವಳಿಗೆ. ಮೂರು ತಿಂಗಳಲ್ಲಿ ಸುಮಾರು 900 ಗ್ರಾಂ ಏರಬೇಕಿದ್ದಲ್ಲಿ 300 ಏರಿದೆ, ಗೆರೆ ಮಲಗಿದೆ. ಊಟ ಶುರುವಾದ ತಿಂಗಳಲ್ಲೇ ಗೆರೆ ಮಲಗಿದರೆ ಮೊದಲು ನೋಡಬೇಕಾದದ್ದು ಬಟ್ಟಲಿನ ಹದ.

ತೂಕ ನೋಡುವುದರಲ್ಲೂ ಎಚ್ಚರ ಬೇಕು. ಎರಡನೆಯ ವರ್ಷದಲ್ಲಿ ತಿಂಗಳಿಗೆ ಏರುವುದು ಸುಮಾರು 200 ಗ್ರಾಂ ಮಾತ್ರ. ಒಂದು ಸ್ವೆಟರು, ಒದ್ದೆ ಲಂಗೋಟಿ, ಬೆಳ್ಳಿ ಉಡಿದಾರ ಸೇರಿದರೆ ಒಂದು ತಿಂಗಳ ಬೆಳವಣಿಗೆ ಸುಳ್ಳೇ ದಾಖಲಾಗುತ್ತದೆ. ತಕ್ಕಡಿ ಸೊನ್ನೆಗೆ ನಿಂತಿದೆಯೇ ಎಂದು ಪ್ರತಿ ಮಗುವಿಗೂ ಮೊದಲು ನೋಡಿ, ಬಟ್ಟೆ ಬಿಚ್ಚಿ ತೂಗಿ. ಉದ್ದವನ್ನು ಎರಡು ವರ್ಷದವರೆಗೆ ಮಲಗಿಸಿಯೇ, ಇಬ್ಬರು ಸೇರಿ ಅಳೆಯಬೇಕು: ಒಬ್ಬರು ತಲೆ, ಒಬ್ಬರು ಮೊಣಕಾಲು ನೇರ ಮಾಡಿ ಪಾದ. ಮೊದಲ ವರ್ಷ ಮಗು ಸುಮಾರು 25 ಸೆಂ.ಮೀ. ಬೆಳೆಯುತ್ತದೆ, ಎರಡನೆಯ ವರ್ಷ ಸುಮಾರು 12. ಗುಂಡು ಗುಂಡಗಿದ್ದು ಉದ್ದ ನಿಂತಿರುವ ಮಗು ತೂಕದ ನಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಎಚ್ಚರಿಕೆ, 11.5ಕ್ಕಿಂತ ಕಡಿಮೆ ಇದ್ದರೆ ಮನೆಯ ಉಪಾಯ ಸಾಲದು, ಆಸ್ಪತ್ರೆಗೆ.

ಎತ್ತರವನ್ನು ಊಟ ಒಂದೇ ನಿರ್ಧರಿಸುವುದಿಲ್ಲ. ಹುಟ್ಟುವಾಗಿನ ತೂಕ, ತಾಯಿಯ ಎತ್ತರ, ಬಸುರಿಯಲ್ಲಿ ಅವಳು ತಿಂದದ್ದು, ಮತ್ತೆ ಮತ್ತೆ ಬರುವ ಭೇದಿ, ನೀರು, ಕಕ್ಕಸು ಎಲ್ಲವೂ ಸೇರಿವೆ. ಆದರೂ ತಿಳಿವಳಿಕೆಯಿಂದ ಏನಾದೀತು ಎನ್ನುವವರಿಗೆ ಪೆರು ದೇಶದ ತ್ರುಹಿಯೊ ನಗರದ ಉದಾಹರಣೆ ಇದೆ; 2005ರಲ್ಲಿ ಪ್ರಕಟವಾದದ್ದು. ಅಲ್ಲಿ ಆಹಾರ ಹಂಚಲಿಲ್ಲ. ಆರೋಗ್ಯ ಕೇಂದ್ರದವರೆಲ್ಲ ಮೂರೇ ಮಾತನ್ನು ಒಂದೇ ರೀತಿ ಹೇಳಿದರು: ಗಟ್ಟಿಯಾದದ್ದನ್ನು ಮೊದಲು ಕೊಡಿ, ಕೋಳಿ ಲಿವರ್, ಮೊಟ್ಟೆ ಅಥವಾ ಮೀನು ಸೇರಿಸಿ, ತಾಳ್ಮೆಯಿಂದ, ಪ್ರೀತಿಯಿಂದ ಉಣ್ಣಿಸಿ. ಹದಿನೆಂಟು ತಿಂಗಳಿಗೆ ಆ ಕೇಂದ್ರಗಳ ವ್ಯಾಪ್ತಿಯಲ್ಲಿ ಕುಳ್ಳಾದ ಮಕ್ಕಳು ಶೇ 5, ಈ ಸಲಹೆ ನಡೆಯದ ಕೇಂದ್ರಗಳ ವ್ಯಾಪ್ತಿಯಲ್ಲಿ ಶೇ 16. ನಾವು ಒಂದೇ ಭೇಟಿಯಲ್ಲಿ ಇಪ್ಪತ್ತು ಮಾತು ಹೇಳುತ್ತೇವೆ. ‘ಪೌಷ್ಟಿಕ ಆಹಾರ ಕೊಡಿ’ ಎನ್ನುವುದು ಅದರಲ್ಲಿ ಮೊದಲನೆಯದು, ಅದರ ಅರ್ಥ ಏನೆಂದು ಯಾರಿಗೂ ಗೊತ್ತಿಲ್ಲ.

ಇನ್ನು, ತಿಳಿವಳಿಕೆ ಯಾರದು? ಬೆಳಗ್ಗೆ ಏಳಕ್ಕೆ ಕೂಲಿಗೋ ಗಾರ್ಮೆಂಟ್ಸ್‌ಗೋ ಹೊರಡುವ ತಾಯಿ ಮಗುವಿಗೆ ಉಣ್ಣಿಸುವುದು ದಿನಕ್ಕೆ ಒಂದೇ ಹೊತ್ತು. ಉಳಿದದ್ದು ಅತ್ತೆ, ಅಕ್ಕನ ವಯಸ್ಸಿನ ಹುಡುಗಿ, ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’. ಸೊಸೆಗೆ ಎಲ್ಲ ಗೊತ್ತಿದ್ದೂ ‘ನಾವೂ ಮಕ್ಕಳನ್ನು ಸಾಕಿದ್ದೇವೆ’ ಎಂಬ ಒಂದು ಮಾತಿಗೆ ಸರಿ ಮತ್ತೆ ತೆಳ್ಳಗಾಗುತ್ತದೆ. ಅತ್ತೆಯನ್ನು ಹೊರಗಿಟ್ಟು ಕೊಟ್ಟ ಸಲಹೆ ಒಲೆಯವರೆಗೆ ಹೋಗುವುದಿಲ್ಲ. ಮನೆಗೆ ಹೋದಾಗ ‘ಗೊತ್ತಾ?’ ಎಂದು ಕೇಳುವ ಬದಲು ‘ನಿನ್ನೆ ಬೆಳಗ್ಗೆಯಿಂದ ಮಗು ಏನೇನು ತಿಂತು, ಯಾವ ಬಟ್ಟಲಲ್ಲಿ, ಎಷ್ಟು ಉಳೀತು?’ ಎಂದು ಕೇಳಿ, ಆ ಬಟ್ಟಲನ್ನೇ ತರಿಸಿ. ಅಂಗನವಾಡಿಯಿಂದ ಬಂದ ಪುಷ್ಟಿ ಹಿಟ್ಟು ಯಾರು ಯಾರು ತಿಂದರು ಎಂಬುದೂ ಆಗಲೇ ಗೊತ್ತಾಗುತ್ತದೆ. ಅತ್ತೆಯ ಕೈಯಲ್ಲೇ ಸರಿ ಮಾಡಿಸಿ, ಅವರ ಕೈಗೇ ಚಮಚ ಕೊಟ್ಟು ಓರೆ ಮಾಡಿಸಿ. ಮೊಳಕೆ ಕಟ್ಟುವುದು, ಕೇರುವುದು ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ಪ್ರಶ್ನೆ ಬರೆದು ನೀವು ಕೊಟ್ಟ ಚೀಟಿಗಳಲ್ಲಿ ಒಂದೇ ಪ್ರಶ್ನೆ ಮೂರು ಸಲ ಇದೆ: ಬಾಯಿಗಿಟ್ಟದ್ದನ್ನೆಲ್ಲ ನಾಲಗೆಯಿಂದ ಹೊರಗೆ ತಳ್ಳುತ್ತದೆ, ಇಷ್ಟವಿಲ್ಲ ಅಂತಲೇ? ಅಲ್ಲ. ಆರು ತಿಂಗಳವರೆಗೆ ನಾಲಗೆಗೆ ಗೊತ್ತಿದ್ದದ್ದು ಚೀಪುವುದು ಮಾತ್ರ. ಹಿಂದಕ್ಕೆ ಒಯ್ಯುವುದನ್ನು ಕಲಿಯಲು ಕೆಲವು ದಿನ ಬೇಕು. ಗಲ್ಲದ ಮೇಲೆ ಬಂದದ್ದನ್ನು ಚಮಚದಲ್ಲಿ ತೆಗೆದು ಮತ್ತೆ ಕೊಡಿ. ಹೊಸ ರುಚಿಯೊಂದನ್ನು ಎಂಟು ಹತ್ತು ಸಲ, ಬೇರೆ ಬೇರೆ ದಿನ ಕೊಟ್ಟು ನೋಡಿದ ಮೇಲಷ್ಟೇ ಬೇಡ ಎಂದು ತೀರ್ಮಾನಿಸಿ. ಮೊಬೈಲ್ ತೋರಿಸಿ ತುರುಕಿದರೆ ತಿನ್ನುತ್ತದೆ ನಿಜ, ಏನು ತಿಂದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಈಗ ಬಟ್ಟಲುಗಳನ್ನು ನೋಡಿ. ಮೊದಲನೆಯದರಲ್ಲಿ ಹಿಟ್ಟು ತಳಕ್ಕಿಳಿದು ಮೇಲೆ ನೀರು ನಿಂತಿದೆ. ಎರಡನೆಯದರಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ. ಮನೆಯಲ್ಲಿ ನೀರು ಹೊಯ್ಯಬೇಕೆನಿಸುವುದು ಈ ಹೊತ್ತಿಗೇ. ಮೂರನೆಯದು ಆರಿದ್ದರೂ ಇನ್ನೂ ಚಮಚದಿಂದ ನಿಧಾನಕ್ಕೆ ಜಾರುತ್ತಿದೆ. ಮುಂದಿನ ಸಾಲಿನಲ್ಲಿರುವ ಕೂಸಿಗೆ ರುಚಿ ತೋರಿಸೋಣವೇ ಎಂದು ಯಾರೋ ಕೇಳುತ್ತಿದ್ದಾರೆ. ಬೇಡ, ಮಾಡಿ ಎರಡು ಗಂಟೆ ದಾಟಿತು. ಹಿಟ್ಟು ಡಬ್ಬಿಯಲ್ಲಿದೆ, ಒಲೆ ಪಕ್ಕದ ಕೋಣೆಯಲ್ಲಿದೆ. ಹೊಸದಾಗಿ 15 ಗ್ರಾಂ, 75 ಮಿಲಿ ತಣ್ಣೀರು, ಸಣ್ಣ ಉರಿ.